ಮಾಳಿಗೆ ಸೋರುತ್ತಾ? ರಿಪೇರಿ ಸಾಕೋ, ಹೊಸದೇ ಬೇಕೋ ಹೀಗೆ ನೋಡಿ

ಸಿರವಾರ: 40 ಡಿಗ್ರಿ ದಾಟುವ ಬಿಸಿಲಿಗೆ ಆರ್‌ಸಿಸಿ ಮಾಳಿಗೆ ಹಗಲು ಹಿಗ್ಗಿ, ರಾತ್ರಿ ಕುಗ್ಗಿ ಬಿರುಕು ಬಿಡುತ್ತದೆ. ಮಳೆ ಬಂದಾಗ ಅಲ್ಲೇ ಸೋರುತ್ತದೆ.

ರಿಪೇರಿ ಸಾಕು: ಮೇಲ್ಪದರದಲ್ಲಿ ಮಾತ್ರ ಕೂದಲೆಳೆ ಬಿರುಕಿದ್ದರೆ ತುಂಬಿಸಿ, ವಾಟರ್‌ಪ್ರೂಫ್ ಹೊಡೆಸಿ. ನೀರು ನಿಲ್ಲದಂಗ ಇಳಿಜಾರು ಇರಲಿ. ಬಿಳಿ ಬಣ್ಣವಾದರೆ ಒಳಗಿನ ಸೆಕೆಯೂ ಕಡಿಮೆ.

ಹುಷಾರು: ಒಳಗಡೆ ಕಾಂಕ್ರೀಟ್ ಉದುರಿ ಸರಳು ಕಂಡರೆ ಮೇಲೆ ಬಣ್ಣ ಹೊಡೆಸಿದರೆ ದುಡ್ಡು ದಂಡ. ತುಕ್ಕು ಉಬ್ಬಿ ಕಾಂಕ್ರೀಟ್ ಒಡೆಯುತ್ತಲೇ ಇರುತ್ತದೆ. ಒಂದೆರಡು ಕಡೆ ಇದ್ದರೆ ತುಕ್ಕು ತೆಗೆಸಿ ಮುಚ್ಚಿಸಬಹುದು. ಸರಳು ಸವೆದು ಮಾಳಿಗೆ ಜೋತಿದ್ದರೆ ಅದರ ಕೆಳಗೆ ಮಲಗಬೇಡಿ. ಮೊದಲು ಎಂಜಿನಿಯರ್‌ಗೆ ತೋರಿಸಿ. ಅಲ್ಲಿ ಬಹುತೇಕ ಹೊಸದೇ ದಾರಿ.

ತಗಡಿನ ಅಂಗಡಿ: ಸ್ಕ್ರೂ ತೂತಿನಲ್ಲಿ ಸೋರಿದರೆ ವಾಷರ್ ಬದಲಿಸಿ. ತಗಡೇ ತುಕ್ಕು ತಿಂದಿದ್ದರೆ ತಗಡು ಬದಲಿಸಿ.

ಯಾವ ಕೆಲಸವಾದರೂ ಜೂನ್‌ಗೆ ಮೊದಲೇ ಮುಗಿಸಿ.