ಕ್ಲೋಸ್‌ಪೇಟೆಯಲ್ಲಿ ಯಾರು ಮಲಗಿದ್ದರು?

ನಮ್ಮ ಕಡೆ ಹೋಟೆಲ್ ಅಂದರೆ ತಿಂಡಿ ತಿನ್ನೋ ಜಾಗ. ಮಲಗೋ ಜಾಗಕ್ಕೆ ಲಾಡ್ಜು ಅಂತಾರೆ, ಆ ಪದ ಹೇಳುವಾಗ ಹಿರಿಯರ ದನಿ ಯಾಕೋ ಒಂಚೂರು ತಗ್ಗುತ್ತೆ. ಛತ್ರ ಅಂದರೆ ಮದುವೆ ಮನೆ, "ಛತ್ರ ಸಿಕ್ತಾ?" ಅಂತ ಕೇಳಿದರೆ ಮಗಳ ಮದುವೆ ದಿನಾಂಕ ಗೊತ್ತಾಯ್ತಾ ಅಂತ ಅರ್ಥ. ಟಿ.ಬಿ. ಅಂದರೆ ರಾಜಕಾರಣಿಗಳು ಬಂದು ಮೀಟಿಂಗ್ ಮಾಡೋ ಕಟ್ಟಡ. ಒಂದು ರಾತ್ರಿ ತಂಗಲು ಬರುವ ದಾರಿಹೋಕನಿಗಾಗಿ ಹುಟ್ಟಿದ ಪದಗಳೆಲ್ಲ ಒಂದೊಂದಾಗಿ ಬೇರೆ ಕೆಲಸಕ್ಕೆ ಸೇರಿಕೊಂಡುಬಿಟ್ಟಿವೆ, ನನ್ನ ಜೊತೆ ಸಿವಿಲ್ ಓದಿದವರೆಲ್ಲ ಸಾಫ್ಟ್‌ವೇರಿಗೆ ಬಂದ ಹಾಗೆ :-)

ಈ ಹುಳ ತಲೆಗೆ ಹೊಕ್ಕಿದ್ದು ಆನ್‌ಸೈಟ್ ಅಂತ ಬಾಸ್ಟನ್ನಿನಲ್ಲಿ ನಾಲ್ಕು ತಿಂಗಳಿದ್ದಾಗ. ವಾರಾಂತ್ಯ ಬಂತೆಂದರೆ ಜೊತೆಯವರು ಶಾಪಿಂಗಿಗೆ ಹೋಗೋರು, ನಾನು ಹಳೇ ಇನ್ನು-ಟ್ಯಾವರ್ನು ಹುಡುಕಿಕೊಂಡು ಹೋಗ್ತಿದ್ದೆ. ಸಡ್‌ಬರಿ ಅನ್ನೋ ಊರಲ್ಲಿ ವೇಸೈಡ್ ಇನ್ ಅಂತ ಒಂದಿದೆ. 1716ರಲ್ಲಿ ಡೇವಿಡ್ ಹೋ ಅನ್ನುವವನು ಶುರು ಮಾಡಿದ್ದು, ಇವತ್ತಿಗೂ ಅಲ್ಲಿ ಊಟ ಉಂಟು, ಹಾಸಿಗೆ ಉಂಟು. ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ಹಳೇ ಪೋಸ್ಟ್ ರೋಡು ಅದರ ಬಾಗಿಲ ಮುಂದೆಯೇ ಹಾದುಹೋಗುತ್ತೆ. ಕವಿ ಲಾಂಗ್‌ಫೆಲೋ 1863ರಲ್ಲಿ ಇದರ ಹೆಸರಲ್ಲಿ ಒಂದು ಪುಸ್ತಕವನ್ನೇ ಬರೆದ. 1923ರಲ್ಲಿ ಇದನ್ನು ಕೊಂಡುಕೊಂಡವನು ಯಾರು ಗೊತ್ತಾ? ಹೆನ್ರಿ ಫೋರ್ಡ್! ಕಾರು ಮಾಡಿ ಮಾಡಿ ಹಳೇ ಅಮೆರಿಕದ ದಾರಿಗಳನ್ನೆಲ್ಲ ಬದಲಾಯಿಸಿದ ಅದೇ ಪುಣ್ಯಾತ್ಮ. ಕಾರುಗಳ ಹಾವಳಿಯಿಂದ ತನ್ನ ಇನ್ ಕೆಡುತ್ತೆ ಅಂತ ಹೆದ್ದಾರಿಯನ್ನೇ ಪಕ್ಕಕ್ಕೆ ಸರಿಸಿಬಿಟ್ಟ. ಈಗ ಹೆದ್ದಾರಿ ಅತ್ತ, ಇನ್ ಇತ್ತ, ನಡುವೆ ತಣ್ಣಗಿನ ಹಳೇ ರಸ್ತೆ.

ಅಲ್ಲಿಯವರಿಗೆ ಈ ತಂಗುದಾಣಗಳೆಂದರೆ ಬಹಳ ಹಿಂದಿನಿಂದ ಕಾನೂನಿನ ವಿಷಯವೂ ಹೌದು. 1656ರಲ್ಲೇ ಮ್ಯಾಸಚೂಸೆಟ್ಸ್ ಸರ್ಕಾರ, ದಾರಿಹೋಕರಿಗೆ ಉಳಿಯಲು ಜಾಗ ಇಟ್ಟುಕೊಳ್ಳದ ಊರಿಗೆ ದಂಡ ಅಂತ ಕಟ್ಟಳೆ ಮಾಡಿತ್ತು. ಅನುಕೂಲ ಅಷ್ಟಕ್ಕಷ್ಟೆ, ಗುರುತು ಪರಿಚಯ ಇಲ್ಲದವರು ಒಂದೇ ಹಾಸಿಗೆಯಲ್ಲಿ ಮಲಗಬೇಕಿತ್ತು. 1776ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನೂ ಜಾನ್ ಆಡಮ್ಸೂ ಹೀಗೆ ಒಂದು ಇನ್ನಿನಲ್ಲಿ ಒಂದೇ ಮಂಚ ಹಂಚಿಕೊಂಡು, ಕಿಟಕಿ ತೆಗೀಬೇಕೋ ಮುಚ್ಚಬೇಕೋ ಅಂತ ವಾದಕ್ಕೆ ಬಿದ್ದರು. ತಣ್ಣನೆ ಗಾಳಿಯಿಂದ ನೆಗಡಿ ಬರಲ್ಲ ಅಂತ ಫ್ರಾಂಕ್ಲಿನ್ ಭಾಷಣ ಕೊಡ್ತಾ ಇದ್ದರೆ ಆಡಮ್ಸ್‌ಗೆ ನಿದ್ದೆ ಬಂದೇಬಿಟ್ಟಿತು. (ನಮ್ಮ ಪಿಜಿಯಲ್ಲಿ ಫ್ಯಾನಿನ ಸ್ಪೀಡಿಗೆ ನಡೆಯೋ ಯುದ್ಧ ನೆನಪಾಯ್ತಾ?) ಇಷ್ಟೆಲ್ಲ ನಮಗೆ ಗೊತ್ತಿರೋದು ಆಡಮ್ಸ್ ಬರೆದಿಟ್ಟಿದ್ದರಿಂದ. "ಜಾರ್ಜ್ ವಾಷಿಂಗ್ಟನ್ ಇಲ್ಲಿ ಮಲಗಿದ್ದ" ಅಂತ ಹೇಳಿಕೊಳ್ಳುವ ಹಳೇ ಕಟ್ಟಡಗಳು ಆ ದೇಶದಲ್ಲಿ ಎಷ್ಟಿವೆಯೆಂದರೆ, ಅದೇ ಒಂದು ತಮಾಷೆಯ ಮಾತಾಗಿಬಿಟ್ಟಿದೆ.

ನನ್ನದು ಚನ್ನಪಟ್ಟಣ ತಾಲ್ಲೂಕು. ಬೆಂಗಳೂರು-ಮೈಸೂರು ರಸ್ತೆಯ ಮೇಲೇ ಬೆಳೆದವನು ಅಂದರೂ ಆಗುತ್ತೆ. ಅಮೆರಿಕದ ಪೋಸ್ಟ್ ರೋಡ್ ನೋಡಿ ಬಂದ ಮೇಲೆ, ನಮ್ಮ ಈ ದಾರಿಯಲ್ಲಿ ಯಾರು, ಎಲ್ಲಿ ಮಲಗಿದ್ದರು ಅಂತ ಕೇಳಿಕೊಂಡೆ. ಕೇಳುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು: ರಾಮನಗರ ಅನ್ನೋ ಊರು ಹುಟ್ಟಿದ್ದೇ ದಾರಿಹೋಕರಿಗಾಗಿ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ಇಲ್ಲೊಂದು ಪೇಟೆ ಕಟ್ಟಿಸಿದರು. ಸುತ್ತ ಕಾಡು, ಬಂಡೆ, ಬೆಟ್ಟ. ಹೆದ್ದಾರಿಯ ಈ ತುಂಡು ಜನಕ್ಕೆ ಭಯ ಹುಟ್ಟಿಸುವ ಜಾಗವಾಗಿತ್ತು. ಮನೆ, ಅಂಗಡಿ, ದೀಪ ಇದ್ದರೆ ದಾರಿ ಭದ್ರವಾಗುತ್ತೆ ಅನ್ನೋದು ಲೆಕ್ಕ. ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರನ್ನು ಇಟ್ಟು ಕ್ಲೋಸ್‌ಪೇಟೆ ಅಂದರು. ಆ ಹೆಸರು ಈಗ ಉಳಿದಿರೋದು ಭೂವಿಜ್ಞಾನದವರ ಬಾಯಲ್ಲಿ ಮಾತ್ರ, ಇಲ್ಲಿನ ಕಲ್ಲಿಗೆ ಅವರು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೀತಾರೆ. ಊರು ರಾಮನಗರವಾಯಿತು, 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡು ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಇಷ್ಟು ಹೆಸರು ಬದಲಾಯಿಸಿದ ಊರಿನಲ್ಲಿ ಲೆಡ್ಜರ್ ಇಟ್ಟವರನ್ನು ಹುಡುಕೋದು ಹೇಗೆ ಹೇಳಿ.

ಕನಕಪುರದ ಕಥೆ ಇದಕ್ಕೆ ತದ್ವಿರುದ್ಧ. ಆಗಿನ ಹೆಸರು ಕಾನಕಾನಹಳ್ಳಿ. ಶ್ರೀರಂಗಪಟ್ಟಣಕ್ಕೆ ಹೋಗಲು ಆ ಕಡೆಯಿಂದಲೂ ದಾರಿ ಇತ್ತು. 1791ರಲ್ಲಿ ಕಾರ್ನ್‌ವಾಲಿಸ್, 1799ರಲ್ಲಿ ಹ್ಯಾರಿಸ್ ತಮ್ಮ ಸೈನ್ಯ ನಡೆಸಿಕೊಂಡು ಹೋಗಿದ್ದು ಅತ್ತಲಿಂದಲೇ. ಬರುವ ಶತ್ರುವಿಗೆ ಒಂದು ಕಾಳು, ಒಂದು ಸೂರು ಸಿಗಬಾರದು ಅಂತ ಟಿಪ್ಪು ಸುಲ್ತಾನ್ ಆ ಊರನ್ನು ಎರಡು ಸಲ ಹಾಳುಗೆಡವಿಸಿದ. ನನಗೆ ಇದನ್ನು ಓದಿದಾಗ ಒಂಥರಾ ಆಯ್ತು. ಮೂವತ್ತು ಕಿಲೋಮೀಟರ್ ಆಚೀಚೆ ಇರುವ ಎರಡು ಊರು. ಒಂದನ್ನು ಜನ ತಂಗಲಿ ಅಂತ ಕಟ್ಟಿದರು, ಇನ್ನೊಂದನ್ನು ಯಾರೂ ತಂಗಬಾರದು ಅಂತ ಕೆಡವಿದರು. ಎರಡಕ್ಕೂ ನಡುವೆ ಹತ್ತು ವರ್ಷವೂ ಇಲ್ಲ.

ಕ್ಲೋಸ್‌ಪೇಟೆ ಹುಟ್ಟಿದ ಅದೇ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಓಡಾಡಿದ. ಕಂಪನಿ ಸರ್ಕಾರ ಹೊಸದಾಗಿ ಗೆದ್ದ ನಾಡಿನಲ್ಲಿ ಏನೇನಿದೆ ಅಂತ ಪಟ್ಟಿ ಮಾಡಲು ಕಳಿಸಿದ್ದ ವೈದ್ಯ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವ ಒಂದು ಮನೆತನ, ಬೆಳ್ಳನೆಯ ನಯವಾದ ಸಕ್ಕರೆ ಮಾಡುವ ಇನ್ನೊಂದು ಮನೆತನ ಇದ್ದವೆಂದು ಬರೆದಿಟ್ಟ. ನಮ್ಮೂರೆಂದರೆ ಬರೀ ಬಣ್ಣದ ಬೊಂಬೆ ಅಂದುಕೊಂಡಿದ್ದ ನನಗೆ ಇದು ಹೊಸ ಸುದ್ದಿ. ಹೀಗೆ ಬಂದು ಹೋದ ಪರದೇಶಿಗಳ ಬರಹಗಳನ್ನೆಲ್ಲ ಸಂಪುಟಗಟ್ಟಲೆ ಕನ್ನಡಕ್ಕೆ ತಂದು 'ಪ್ರವಾಸಿ ಕಂಡ ಇಂಡಿಯಾ' ಅಂತ ಪ್ರಕಟಿಸಿದವರು ಎಚ್.ಎಲ್. ನಾಗೇಗೌಡರು. ಅವರೇ 1994ರಲ್ಲಿ ಇದೇ ರಸ್ತೆಯ ಪಕ್ಕ, ರಾಮನಗರದ ಹತ್ತಿರ, ಜಾನಪದ ಲೋಕ ಕಟ್ಟಿದರು. ಬಂದವರು ಕಂಡಿದ್ದನ್ನೂ ಇಲ್ಲಿಯವರು ಹಾಡಿದ್ದನ್ನೂ ಒಬ್ಬರೇ ಕೂಡಿಟ್ಟರು ನೋಡಿ, ಅದು ದೊಡ್ಡದು.

ಆದರೆ ಇಲ್ಲಿಯವರು ದಾರಿಯಲ್ಲಿ ಎಲ್ಲಿ ಮಲಗುತ್ತಿದ್ದರು? ಲೆಕ್ಕ ಹಾಕೋಣ (ಇಂಜಿನಿಯರ್ ಬುದ್ಧಿ). ಹೇರು ತುಂಬಿದ ಎತ್ತಿನ ಗಾಡಿ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್, ದಿನಕ್ಕೆ ಇಪ್ಪತ್ತೈದು-ಮೂವತ್ತು. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು ಅರವತ್ತು. ಅಂದರೆ ನಡುವೆ ಒಂದು ರಾತ್ರಿ ಗ್ಯಾರಂಟಿ, ಅದು ಬಿಡದಿಯ ಆಸುಪಾಸಿನಲ್ಲಿ. ನಮ್ಮ ತಾತ ಹುಡುಗನಾಗಿದ್ದಾಗ ತೆಂಗಿನಕಾಯಿ ಗಾಡಿಯ ಹಿಂದೆ ಹೀಗೆ ಹೋಗಿದ್ದರು. ಅವರನ್ನು ಕೇಳಿದೆ: "ತಾತ, ಛತ್ರದಲ್ಲಿ ಮಲಗ್ತಿದ್ರಾ?"

"ಛತ್ರ ನಮಗ್ಯಾಕ್ಲಾ? ಗುಂಡುತೋಪು ಇರಲಿಲ್ವಾ?" ಅಂದರು.

ಅಲ್ಲಿಗೆ ನನ್ನ ಹುಡುಕಾಟದ ದಿಕ್ಕೇ ಬದಲಾಯ್ತು. ನಾನು ಕಟ್ಟಡ ಹುಡುಕುತ್ತಿದ್ದೆ, ತಾತ ಮರ ತೋರಿಸಿದರು. ಗುಂಡುತೋಪು ಅಂದರೆ ಊರ ಹೊರಗೆ ಎಲ್ಲರಿಗೂ ಸೇರಿದ ಮಾವು, ಹುಣಸೆ, ಆಲದ ತೋಪು. ಎತ್ತು ಬಿಚ್ಚಿ ಮೇವು ಹಾಕೋದು, ಮೂರು ಕಲ್ಲಿಟ್ಟು ಒಲೆ ಹಚ್ಚಿ ಮುದ್ದೆ ಬೇಯಿಸೋದು, ಗಾಡಿ ಕೆಳಗೆ ಕಂಬಳಿ ಹಾಸಿ ಮಲಗೋದು. ಒಬ್ಬರು ಎಚ್ಚರವಿದ್ದು ಎತ್ತು ಕಾಯಬೇಕು. ಬಾಡಿಗೆ ಇಲ್ಲ, ಹೆಸರು ಬರೆಸೋ ಹಾಗಿಲ್ಲ, "ನೀನು ಯಾವ ಜನ?" ಅಂತ ಬಾಗಿಲಲ್ಲಿ ಕೇಳೋರೂ ಇಲ್ಲ. ಬಾಗಿಲೇ ಇಲ್ಲವಲ್ಲ!

ಛತ್ರಕ್ಕೆ ಬಾಗಿಲಿತ್ತು. ಪುಣ್ಯಕ್ಕೆಂದು ಕಟ್ಟಿಸಿದ ಎಷ್ಟೋ ಛತ್ರಗಳಲ್ಲಿ ಯಾರು ಒಳಗೆ ಎಲೆ ಮುಂದೆ ಕೂರಬೇಕು, ಯಾರು ಜಗುಲಿಯಲ್ಲಿ ಕಾಯಬೇಕು ಅನ್ನೋದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ಸಾಹೇಬರಿಗೆಂದು ಕಟ್ಟಿದ ಮುಸಾಫಿರ್‌ಖಾನೆಗೂ ಬಾಗಿಲಿತ್ತು. ನಮ್ಮಂಥವರು ಒಳಗೆ ಹೋಗಿದ್ದರೆ ಮೊಟ್ಟೆ, ಹಾಲು ಕೊಡಲಿಕ್ಕೆ. ಆಮೇಲೆ ಬಂದ ಕಾಫಿ ಕ್ಲಬ್ಬುಗಳೂ ಬೋರ್ಡಿನಲ್ಲೇ ಜಾತಿ ಬರೆಸಿಕೊಂಡು ಬಂದವು. ಈಗ ಎಲ್ಲರೂ ಸಾಲು ನಿಂತು ಮಸಾಲೆ ದೋಸೆ ತಿನ್ನುವ ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿ ಬಂದು 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದಾಗ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಒಂದು ಪಾರ್ಸಿ ತಂಗುಮನೆಯಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅದನ್ನು ಅವರೇ ಬರೆದಿದ್ದಾರೆ, ಓದಿದರೆ ಆ ರಾತ್ರಿ ನಿಮಗೆ ನಿದ್ದೆ ಬರಲ್ಲ.

ಅಮೆರಿಕದವರೇನು ಕಮ್ಮಿ ಇರಲಿಲ್ಲ ಬಿಡಿ. ಅಲ್ಲಿ ಕಪ್ಪು ಜನ ಪ್ರಯಾಣ ಹೊರಟರೆ ಎಲ್ಲಿ ಕೋಣೆ ಕೊಡ್ತಾರೆ ಅಂತ ತಿಳಿಯೋಕೆ ವಿಕ್ಟರ್ ಗ್ರೀನ್ ಅನ್ನೋ ಅಂಚೆಯವನು 1936ರಿಂದ 'ಗ್ರೀನ್ ಬುಕ್' ಅಂತ ಪುಸ್ತಕ ತರಬೇಕಾಯ್ತು. ಹೋಟೆಲಿನವರು ಬಣ್ಣ ನೋಡಿ ಇಲ್ಲ ಅನ್ನೋ ಹಾಗಿಲ್ಲ ಅಂತ ಕಾನೂನಾಗಿದ್ದು 1964ರಲ್ಲಿ. "ವಾಷಿಂಗ್ಟನ್ ಮಲಗಿದ್ದ" ಅನ್ನುವ ಕಟ್ಟಡಗಳ ಮುಂದೆ ನಿಂತಾಗ ನನಗೆ ಅಲ್ಲಿ ಮಲಗಲಾಗದವರ ಪಟ್ಟಿಯೂ ಬೇಕು ಅನ್ನಿಸ್ತು.

ರೈಲು ಬಂದ ಮೇಲೆ ನಮ್ಮ ದಾರಿಯ ಲೆಕ್ಕ ತಲೆಕೆಳಗಾಯ್ತು. 1876-78ರ ದೊಡ್ಡ ಬರದ ಹಿಂದೆಯೇ ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಾಕಿದರು, 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಹಲವು ರಾತ್ರಿಯ ದಾರಿ ಕೆಲವು ಗಂಟೆಗಳಿಗೆ ಇಳಿದು, ತಂಗುವ ಜಾಗ ಹೋಗಿ ತಿಂಡಿ ತಿನ್ನುವ ಜಾಗ ಬಂತು. ಚನ್ನಪಟ್ಟಣ ದಾಟಿದರೆ ಮದ್ದೂರು. ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಹುಟ್ಟಿದ ವಡೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ರೈಲು ನಿಂತಷ್ಟು ಹೊತ್ತಿನಲ್ಲಿ ಕೊಳ್ಳಬೇಕು, ಕೈಯಲ್ಲಿ ಹಿಡಿದು ತಿನ್ನಬೇಕು, ನಾಳೆಗೂ ಕೆಡಬಾರದು. ಮಲಗುವ ಪ್ರಶ್ನೆ ರೈಲಿನ ಕೊನೇ ಸ್ಟೇಷನ್ನಿಗೆ ವರ್ಗವಾಯ್ತು. ಬೆಂಗಳೂರು ಸಿಟಿ ಸ್ಟೇಷನ್ ಎದುರು ಗುಬ್ಬಿ ತೋಟದಪ್ಪನವರ ಧರ್ಮಛತ್ರ ಶುರುವಾಗಿದ್ದು 1903ರಲ್ಲಿ.

ಸಿನಿಮಾದವರೂ ಇಲ್ಲಿ ಮಲಗಲಿಲ್ಲ! 1973ರಿಂದ ರಾಮದೇವರ ಬೆಟ್ಟದಡಿ 'ಶೋಲೆ' ತೆಗೆದರು, ಬುಡದಲ್ಲಿ ಊರನ್ನೇ ಎಬ್ಬಿಸಿದರು, ಅದಕ್ಕೆ ರಸ್ತೆ ಹಾಕಿದರು. ಆದರೆ ಸಂಜೆಯಾದರೆ ಅಮಿತಾಭ್-ಧರ್ಮೇಂದ್ರ ತಂಡ ಬೆಂಗಳೂರಿನ ಹೋಟೆಲುಗಳಿಗೆ ವಾಪಸ್. ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ'ಗೆ (1984) ಇವೇ ಬಂಡೆಗಳನ್ನೂ ಮಾಗಡಿಯ ಸಾವನದುರ್ಗವನ್ನೂ ಹುಡುಕಿಕೊಂಡು ಬಂದ. ಗಬ್ಬರ್ ಒಬ್ಬನೇ ಇಲ್ಲಿ ರಾತ್ರಿ ಉಳಿದವನು ಅನ್ನಿ.

ಮಾಗಡಿ ಅಂದೆನಲ್ಲ, ಆ ತಾಲ್ಲೂಕಿನ ಹುಲಿಕಲ್‌ನಲ್ಲಿ ಇದ್ದವರು ಸಾಲುಮರದ ತಿಮ್ಮಕ್ಕ. ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್-ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದರು, ಬಿಂದಿಗೆಯಲ್ಲಿ ನೀರು ಹೊತ್ತು. ಮಕ್ಕಳಿಲ್ಲದ ನೋವಿಗೆ ಮರ ನೆಟ್ಟರು ಅಂತ ಎಲ್ಲರೂ ಬರೀತಾರೆ. ತಾತನ ಮಾತು ಕೇಳಿದ ಮೇಲೆ ನನಗೆ ಅವರು ನಾಲ್ಕು ಕಿಲೋಮೀಟರ್ ಉದ್ದದ ಛತ್ರ ಕಟ್ಟಿಸಿದ ಹಾಗೆ ಕಾಣ್ತಾರೆ, ದಿವಾನರ ಹಾಗೆ, ಸಾಹುಕಾರರ ಹಾಗೆ, ಆದರೆ ಕೂಲಿ ಮಾಡಿಕೊಂಡು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡಲು ಆ ಮರಗಳಿಗೇ ಕುತ್ತು ಬಂದು, ಉಳಿಸಿ ಅಂತ ಅವರು ಮುಖ್ಯಮಂತ್ರಿಯನ್ನು ಕೇಳಬೇಕಾಯ್ತು. ಬೇರೆ ದಾರಿ ನೋಡುವುದಾಗಿ ಸರ್ಕಾರ ಹೇಳಿತು. ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು.

ಮೈಸೂರು ರಸ್ತೆಯ ಸಾಲುಮರಗಳಿಗೆ ಕೇಳೋರು ಇರಲಿಲ್ಲ. ರಸ್ತೆ ಅಗಲವಾದಾಗಲೆಲ್ಲ ಒಂದಷ್ಟು ಹೋದವು. 2023ರ ಮಾರ್ಚ್ 12ರಂದು 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯ್ತು: ಮೂರು ಗಂಟೆ ದಾರಿ ಎಪ್ಪತ್ತೈದು ನಿಮಿಷಕ್ಕೆ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲಕ್ಕೂ ಬೈಪಾಸ್. ಆ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ ಅದರ ಮೇಲೆ ಹೋಗೋ ಹಾಗಿಲ್ಲ. ನಾನೂ ಅದರಲ್ಲೇ ಊರಿಗೆ ಹೋಗೋದು, ಬೇಗ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಫೋರ್ಡ್ ಹೆದ್ದಾರಿ ಸರಿಸಿದ್ದು ಇನ್ ಉಳಿಯಲಿ ಅಂತ. ಇಲ್ಲಿ ಹೆದ್ದಾರಿ ಸರಿದಾಗ ಹಳೇ ರಸ್ತೆಯ ಬೊಂಬೆ ಅಂಗಡಿಯವರು, ತಟ್ಟೆ ಇಡ್ಲಿಯವರು, ಎಳನೀರಿನವರು ಗಿರಾಕಿಗಳಿಗೆ ಕಾದು ಕೂರೋ ಹಾಗಾಯ್ತು. ಅವರ ಕಡೆಗೊಂದು ಬೋರ್ಡ್ ಹಾಕಿಸೋಕೆ ಯಾವ ಫೋರ್ಡೂ ಇಲ್ಲ.

ಹಾಗಂತ ಕ್ಲೋಸ್‌ಪೇಟೆಯಲ್ಲಿ ಈಗ ಯಾರೂ ತಂಗಲ್ಲ ಅಂದುಕೊಳ್ಳಬೇಡಿ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಬೆಳಗಿನ ಹರಾಜಿಗೆ ದೂರದೂರದ ತಾಲ್ಲೂಕುಗಳಿಂದ, ಆಂಧ್ರ-ತಮಿಳುನಾಡಿನ ಕಡೆಯಿಂದಲೂ ಗೂಡು ತರುವ ರೈತರು ರಾತ್ರಿಯೇ ಬಂದಿಳಿಯುತ್ತಾರೆ. ಗೂಡಿಗೆ ಗಾಳಿಯಾಡಬೇಕು, ಬೆಂದ ಹಾಗಾಗಬಾರದು, ಕಳ್ಳರ ಕೈಗೂ ಸಿಗಬಾರದು. ಹಾಗಾಗಿ ಮಾಲಿನ ಪಕ್ಕದಲ್ಲೇ ಟವೆಲ್ಲೋ ಗೋಣಿಚೀಲವೋ ಹಾಸಿಕೊಂಡು ಮಲಗುತ್ತಾರೆ. ಒಬ್ಬರು ಎಚ್ಚರವಿರುತ್ತಾರೆ, ತಾತ ಎತ್ತು ಕಾಯುತ್ತಿದ್ದ ಹಾಗೇ. ನಾಲ್ಕು ಗಂಟೆಗೆಲ್ಲ ಪಕ್ಕದ ಅಂಗಡಿಯಲ್ಲಿ ಟೀ ಕುದಿಯೋಕೆ ಶುರುವಾಗುತ್ತೆ.