ಐಪಿಸೆಕ್ ಮೋಡ್‌ಗಳ ಆಯ್ಕೆ: ಕಚೇರಿ ಜಾಲಗಳ ನಡುವಿನ ವಿಪಿಎನ್

ಐಪಿಸೆಕ್: ಇಂಟರ್‌ನೆಟ್‌ನಲ್ಲಿ ಓಡಾಡುವ ಐಪಿ ಪ್ಯಾಕೆಟ್‌ಗಳನ್ನು ಗೂಢಲಿಪಿಯಲ್ಲಿ ಮುಚ್ಚುವ, ಅವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಮತ್ತು ಅವು ಬರಬೇಕಾದ ಕಡೆಯಿಂದಲೇ ಬಂದಿವೆ ಎಂದು ಖಾತ್ರಿಪಡಿಸುವ ನಿಯಮಾವಳಿಗಳ ಗುಂಪು. ಬೇರೆ ಬೇರೆ ಊರುಗಳಲ್ಲಿರುವ ಕಚೇರಿಗಳ ಜಾಲಗಳನ್ನು ಸಾರ್ವಜನಿಕ ಇಂಟರ್‌ನೆಟ್ ಮೂಲಕವೇ ಒಂದು ಖಾಸಗಿ ಜಾಲದಂತೆ ಬೆಸೆಯುವ ವಿಪಿಎನ್‌ಗೆ ಇದು ಬಹಳ ಕಾಲದಿಂದ ಬಳಕೆಯಲ್ಲಿದೆ. ಟ್ರಾನ್ಸ್‌ಪೋರ್ಟ್ ಮೋಡ್ ಮತ್ತು ಟನಲ್ ಮೋಡ್ ಎಂದು ಇದಕ್ಕೆ ಎರಡು ಮೋಡ್‌ಗಳಿವೆ. ಕಚೇರಿಯಿಂದ ಕಚೇರಿಗೆ ಸಂಪರ್ಕ ಕಲ್ಪಿಸುವವರಿಗೆ ಬೇಕಾದದ್ದು ಬಹುಮಟ್ಟಿಗೆ ಟನಲ್ ಮೋಡ್. ಅದು ಏಕೆ, ಅದಕ್ಕೆ ಅಪವಾದಗಳು ಯಾವುವು, ಸಣ್ಣ ಊರಿನ ಬ್ರಾಡ್‌ಬ್ಯಾಂಡ್ ಮೇಲೆ ಅದನ್ನು ನಿಲ್ಲಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಐಪಿಸೆಕ್‌ನ ಮೊದಲ ನಿರೂಪಣೆಗಳು ಇಂಟರ್‌ನೆಟ್ ಮಾನದಂಡಗಳ ದಾಖಲೆಗಳಾದ ಆರ್‌ಎಫ್‌ಸಿ 1825ರಿಂದ 1829ರವರೆಗಿನ ಸಂಖ್ಯೆಗಳಲ್ಲಿ 1995ರ ಆಗಸ್ಟ್‌ನಲ್ಲಿ ಹೊರಬಂದವು. 1998ರಲ್ಲಿ ಅವನ್ನು ಬದಲಿಸಿ ಬರೆದರು. ಈಗ ಆಧಾರವಾಗಿರುವ ಆರ್‌ಎಫ್‌ಸಿ 4301 ಬಂದದ್ದು 2005ರ ಡಿಸೆಂಬರ್‌ನಲ್ಲಿ. ಎರಡು ಮೋಡ್‌ಗಳು ಮೊದಲಿನಿಂದಲೂ ಇವೆ, ಇಂದಿಗೂ ಹಾಗೆಯೇ ಉಳಿದಿವೆ. ಬದಲಾದದ್ದು ಗೂಢಲಿಪಿಯ ವಿಧಾನಗಳು ಮತ್ತು ಕೀಲಿ ವಿನಿಮಯದ ಕ್ರಮ.

ಟ್ರಾನ್ಸ್‌ಪೋರ್ಟ್ ಮೋಡ್‌ನಲ್ಲಿ ಪ್ಯಾಕೆಟ್‌ನ ಮೂಲ ಐಪಿ ಹೆಡರ್ ಮುಂದೆ ಹಾಗೆಯೇ ಇರುತ್ತದೆ. ಅದರ ಹಿಂದೆ ಗೂಢಲಿಪಿಯ ಭಾಗವನ್ನು ಹೊರುವ ಇಎಸ್‌ಪಿ ಹೆಡರ್ ಸೇರುತ್ತದೆ, ಅದರೊಳಗಿನ ಟಿಸಿಪಿ ಅಥವಾ ಯುಡಿಪಿ ಭಾಗ ಮಾತ್ರ ಗೂಢಲಿಪಿಗೆ ಹೋಗುತ್ತದೆ. ಯಾವ ಯಂತ್ರ ಯಾವ ಯಂತ್ರದೊಂದಿಗೆ ಮಾತಾಡುತ್ತಿದೆ ಎಂಬುದು ದಾರಿಯಲ್ಲಿ ನೋಡುವವರಿಗೆ ಗೊತ್ತಾಗುತ್ತದೆ. ಟನಲ್ ಮೋಡ್‌ನಲ್ಲಿ ಹೆಡರ್ ಸಮೇತ ಇಡೀ ಪ್ಯಾಕೆಟ್ ಮುಚ್ಚಿಹೋಗಿ, ಹೊರಗೆ ಹೊಸ ಐಪಿ ಹೆಡರ್ ಕೂರುತ್ತದೆ. ಅದರಲ್ಲಿರುವುದು ಎರಡು ಕಚೇರಿಗಳ ರೂಟರ್‌ಗಳ ವಿಳಾಸ ಮಾತ್ರ. ಅಂಚೆ ಕಚೇರಿಯಿಂದ ಅಂಚೆ ಕಚೇರಿಗೆ ಹೋಗುವ, ಅರಗಿನ ಮುದ್ರೆ ಹಾಕಿದ ಚೀಲದ ಹಾಗೆ: ಚೀಟಿಯ ಮೇಲೆ ಎರಡು ಊರಿನ ಹೆಸರಿರುತ್ತದೆ, ಒಳಗಿನ ಕಾಗದ ಯಾರಿಂದ ಯಾರಿಗೆ ಎಂಬುದು ಚೀಲ ಒಡೆದ ಮೇಲೆಯೇ ತಿಳಿಯುವುದು.

ಗುಟ್ಟು ಉಳಿಯುವುದಷ್ಟೇ ಟನಲ್ ಮೋಡ್‌ನ ಹೆಚ್ಚುಗಾರಿಕೆಯಲ್ಲ. ಕಚೇರಿಯೊಳಗಿನ ಕಂಪ್ಯೂಟರ್‌ಗಳಿಗೆ ಇರುವುದು 10, 172.16–172.31 ಅಥವಾ 192.168ರಿಂದ ಶುರುವಾಗುವ ಖಾಸಗಿ ವಿಳಾಸ. ಆ ವಿಳಾಸ ಹೊತ್ತ ಪ್ಯಾಕೆಟ್ ಇಂಟರ್‌ನೆಟ್‌ನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗದು. ಟ್ರಾನ್ಸ್‌ಪೋರ್ಟ್ ಮೋಡ್ ಆ ವಿಳಾಸವನ್ನು ಮುಂದೆಯೇ ಬಿಡುವುದರಿಂದ, ಎರಡು ಖಾಸಗಿ ಜಾಲಗಳನ್ನು ಅದೊಂದರಿಂದಲೇ ಬೆಸೆಯಲು ಬರುವುದಿಲ್ಲ. ಆರ್‌ಎಫ್‌ಸಿ 4301 ಕೂಡ ಇದನ್ನೇ ವಿಧಿಸುತ್ತದೆ: ಕಂಪ್ಯೂಟರ್‌ಗಳು ಎರಡೂ ಮೋಡ್ ಬಲ್ಲವಾಗಿರಬೇಕು, ಜಾಲದ ಬಾಗಿಲಲ್ಲಿ ನಿಲ್ಲುವ ಗೇಟ್‌ವೇಗೆ ಟನಲ್ ಮೋಡ್ ಬಂದೇ ತೀರಬೇಕು.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಂಥ ಹೋಬಳಿ ಊರಿನಲ್ಲಿ ಈ ಪ್ರಶ್ನೆ ಯಾರಿಗೆ ಎದುರಾಗುತ್ತದೆ ಎಂಬುದನ್ನು ನೋಡಬೇಕು. ಸರ್ಕಾರಿ ಕಚೇರಿಗಳಿಗೆ ರಾಜ್ಯದ ಸ್ವಂತ ಜಾಲವಿದೆ. ರಾಜಧಾನಿ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಕಚೇರಿಗಳನ್ನು ಕನಿಷ್ಠ 2 ಎಂಬಿಪಿಎಸ್ ವೇಗದಲ್ಲಿ ಜೋಡಿಸುವ ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಕೇಂದ್ರ ಸರ್ಕಾರ 2005ರ ಮಾರ್ಚ್‌ನಲ್ಲಿ 3,334 ಕೋಟಿ ರೂಪಾಯಿಯ ಮಂಜೂರಾತಿ ಕೊಟ್ಟಿತು. ಕರ್ನಾಟಕದಲ್ಲಿ ಅದು ಕೆಸ್ವಾನ್ ಎಂದು ಬಳಕೆಯಲ್ಲಿದೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದ ‘ಭೂಮಿ’ ಯೋಜನೆಯಿಂದ ಈ ಭಾಗದ ರೈತ ಇಂದು ಉತಾರ ಪಡೆಯುವುದು ಇಂಥ ಜಾಲಗಳ ಬಲದಿಂದಲೇ. ಕೆಸ್ವಾನ್ ಇಲ್ಲದವರು ಬೇರೆ ಇದ್ದಾರೆ: ಪತ್ತಿನ ಸಹಕಾರ ಸಂಘಗಳು, ಎರಡು ಮೂರು ಊರಲ್ಲಿ ಅಂಗಡಿ ಇಟ್ಟ ಬೀಜ–ಗೊಬ್ಬರದ ವ್ಯಾಪಾರಿಗಳು, ಖಾಸಗಿ ಆಸ್ಪತ್ರೆಗಳು, ಶಾಲೆಗಳ ಆಡಳಿತ ಮಂಡಳಿಗಳು. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟ ಮೇಲೆ ಹಳ್ಳಿಯ ಸಾಲದ ಲೆಕ್ಕವೂ ತಂತಿಯ ಮೇಲೆ ಓಡತೊಡಗಿದೆ. ಸಣ್ಣ ಠೇವಣಿದಾರನ ಲೆಕ್ಕಕ್ಕೆ ಬೆಂಗಳೂರಿನ ದೊಡ್ಡ ಬ್ಯಾಂಕಿನ ಲೆಕ್ಕಕ್ಕಿರುವಷ್ಟೇ ಭದ್ರತೆ ಸಿಗಬೇಕು; ಐಪಿಸೆಕ್‌ಗೆ ತಂತ್ರಾಂಶದ ಬೆಲೆಯೇ ಇಲ್ಲದಿರುವಾಗ ಹಣವಿಲ್ಲ ಎಂಬ ಸಬೂಬು ನಿಲ್ಲುವುದಿಲ್ಲ. ಲಿನಕ್ಸ್ ಮೇಲೆ ನಡೆಯುವ ಸ್ಟ್ರಾಂಗ್‌ಸ್ವಾನ್ ಮತ್ತು ಲಿಬ್ರೆಸ್ವಾನ್ ಎರಡೂ ಮುಕ್ತ ತಂತ್ರಾಂಶಗಳು.

ಶಿಗ್ಗಾಂವಿಯಲ್ಲಿ ಮುಖ್ಯ ಕಚೇರಿ, ಬಂಕಾಪುರ, ಸವಣೂರು, ಹಾನಗಲ್‌ಗಳಲ್ಲಿ ಶಾಖೆಗಳಿರುವ ಒಂದು ಪತ್ತಿನ ಸಂಘವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೆಕ್ಕದ ತಂತ್ರಾಂಶದ ಸರ್ವರ್ ಶಿಗ್ಗಾಂವಿಯಲ್ಲಿದೆ. ಮೊದಲ ತೊಡಕು ಮೋಡ್‌ನದಲ್ಲ, ವಿಳಾಸದ್ದು. ಅಂಗಡಿಯಿಂದ ತಂದ ಬಹುತೇಕ ರೂಟರ್‌ಗಳು ಒಳಜಾಲಕ್ಕೆ 192.168.1.0/24 ಅಥವಾ 192.168.0.0/24 ಎಂಬ ವಿಳಾಸವನ್ನೇ ಹಾಕಿಕೊಂಡು ಬರುತ್ತವೆ. ಎರಡೂ ಊರಿನಲ್ಲಿ ಒಂದೇ ವಿಳಾಸವಿದ್ದರೆ ಬಂಕಾಪುರದ ಕಂಪ್ಯೂಟರ್ ಶಿಗ್ಗಾಂವಿಯ ಸರ್ವರನ್ನು ತನ್ನ ಕೋಣೆಯಲ್ಲೇ ಹುಡುಕುತ್ತದೆ, ಟನಲ್ ಕಡೆಗೆ ತಲೆಯನ್ನೂ ಹಾಕುವುದಿಲ್ಲ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯ ಮೇಲೆ ಶಿಗ್ಗಾಂವಿಗೆ 10.20.1.0/24, ಬಂಕಾಪುರಕ್ಕೆ 10.20.2.0/24, ಸವಣೂರಿಗೆ 10.20.3.0/24 ಎಂದು ಹಂಚಿ ಬರೆದಿಡಬೇಕು. ಯಾವ ಜಾಲದಿಂದ ಯಾವ ಜಾಲಕ್ಕೆ ಹೋಗುವ ಪ್ಯಾಕೆಟ್ ಟನಲ್ ಹೊಗಬೇಕು ಎಂದು ಹೇಳುವ ಟ್ರಾಫಿಕ್ ಸೆಲೆಕ್ಟರ್‌ಗಳು ಎರಡೂ ತುದಿಯಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಹೊಂದಬೇಕು. ಒಂದು ಕಡೆ /24, ಇನ್ನೊಂದು ಕಡೆ /16 ಎಂದಿದ್ದರೆ ಸಂಪರ್ಕ ಏರ್ಪಡದೇ ಹೋಗಬಹುದು. ಏರ್ಪಟ್ಟರೂ ಕೆಲವೊಮ್ಮೆ ಒಂದೇ ದಿಕ್ಕಿನಿಂದ ಶುರುಮಾಡಲು ಬರುತ್ತದೆ, ಮತ್ತೊಂದು ದಿಕ್ಕಿನಿಂದ ಬರುವುದಿಲ್ಲ.

ಎರಡನೆಯ ತೊಡಕು ಸಾರ್ವಜನಿಕ ವಿಳಾಸ. ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಎಷ್ಟೋ ಸೇವಾದಾರರು ಗ್ರಾಹಕರನ್ನು ಗುಂಪಾಗಿ ಒಂದೇ ವಿಳಾಸದ ಹಿಂದೆ ಇಡುತ್ತಾರೆ. ರೂಟರ್‌ನ ಹೊರಬದಿಯ ವಿಳಾಸ 100.64ರಿಂದ 100.127ರೊಳಗಿದ್ದರೆ ನಿಮಗೆ ಸಿಕ್ಕಿರುವುದು ಇಂಥ ಹಂಚಿಕೆಯ ವಿಳಾಸವೇ. ಎರಡೂ ತುದಿ ಹೀಗಿದ್ದರೆ ಒಬ್ಬರು ಇನ್ನೊಬ್ಬರನ್ನು ಕರೆಯಲು ದಾರಿಯೇ ಇಲ್ಲ. ಮುಖ್ಯ ಕಚೇರಿಗೆ ಒಂದು ಸ್ಟ್ಯಾಟಿಕ್ ಐಪಿ ಕೊಂಡು, ಶಾಖೆಗಳು ತಾವಾಗಿ ಅದನ್ನು ಕರೆಯುವಂತೆ ಹೊಂದಿಸುವುದು ಸರಳ ಪರಿಹಾರ. ಆಗ ಇಎಸ್‌ಪಿ ಪ್ಯಾಕೆಟ್‌ಗಳು ಯುಡಿಪಿ 4500ನೇ ಪೋರ್ಟ್‌ನೊಳಗೆ ಸೇರಿ ಹೋಗುತ್ತವೆ. 2005ರ ಆರ್‌ಎಫ್‌ಸಿ 3948 ಈ ಏರ್ಪಾಡನ್ನು ವಿವರಿಸುತ್ತದೆ. ಫೈರ್‌ವಾಲ್‌ನಲ್ಲಿ 500 ಮತ್ತು 4500 ಎರಡೂ ತೆರೆದಿರಬೇಕು. ಟ್ರಾನ್ಸ್‌ಪೋರ್ಟ್ ಮೋಡ್ ಇಂಥ ಕಡೆ ಇನ್ನಷ್ಟು ತೊಂದರೆ ಕೊಡುತ್ತದೆ. ವಿಳಾಸ ದಾರಿಯಲ್ಲಿ ಬದಲಾದಾಗ ಟಿಸಿಪಿಯ ಚೆಕ್‌ಸಮ್ ತಾಳೆಯಾಗುವುದಿಲ್ಲ, ಅದನ್ನು ತುದಿಯಲ್ಲಿ ಸರಿಪಡಿಸಬೇಕಾಗುತ್ತದೆ. ಟನಲ್ ಮೋಡ್‌ನ ಒಳಗಿನ ಪ್ಯಾಕೆಟ್‌ಗೆ ಆ ಬದಲಾವಣೆ ತಟ್ಟುವುದೇ ಇಲ್ಲ.

ಇಲ್ಲಿಯೇ ‘ಮೋಡ್’ ಎಂಬ ಇನ್ನೊಂದು ಜೋಡಿ ಅಡ್ಡಬಂದು ಗೊಂದಲ ಮಾಡುತ್ತದೆ: ಮೇನ್ ಮೋಡ್ ಮತ್ತು ಅಗ್ರೆಸಿವ್ ಮೋಡ್. ಇವು ಪ್ಯಾಕೆಟ್ ಮುಚ್ಚುವ ಕ್ರಮಗಳಲ್ಲ. ಕೀಲಿ ವಿನಿಮಯದ ಹಳೆಯ ಆವೃತ್ತಿಯಾದ ಐಕೆಇವಿ1ಕ್ಕೆ ಸೇರಿದವು. ಮೇನ್ ಮೋಡ್ 6 ಸಂದೇಶಗಳಲ್ಲಿ ಮುಗಿಯುತ್ತದೆ, ಗುರುತನ್ನು ಮುಚ್ಚಿಡುತ್ತದೆ. ಆದರೆ ಮೊದಲೇ ಹಂಚಿಕೊಂಡ ಗುಪ್ತಪದ ಬಳಸುವಾಗ ಎದುರಿನವರು ಯಾರೆಂದು ಐಪಿ ವಿಳಾಸದಿಂದಲೇ ಗುರುತಿಸಬೇಕಾಗುತ್ತದೆ, ಬದಲಾಗುವ ವಿಳಾಸದ ಶಾಖೆಗೆ ಅದು ಒಗ್ಗದು. ಆ ಕಾರಣಕ್ಕೆ ಬಹಳ ಮಂದಿ 3 ಸಂದೇಶಗಳ ಅಗ್ರೆಸಿವ್ ಮೋಡ್ ಹಿಡಿದರು. ಅದರಲ್ಲಿ ಗುರುತು ಬಯಲಾಗಿ ಹೋಗುತ್ತದೆ; ಜೊತೆಗೆ ಬರುವ ಹ್ಯಾಶ್ ಅನ್ನು ಹಿಡಿದಿಟ್ಟುಕೊಂಡವನು ತನ್ನ ಮನೆಯಲ್ಲಿ ಕೂತು ಗುಪ್ತಪದವನ್ನು ಒಂದೊಂದಾಗಿ ಊಹಿಸಿ ನೋಡಬಹುದು. ಸಂಘದ ಹೆಸರು ಮತ್ತು ನೋಂದಣಿಯ ವರ್ಷ ಸೇರಿಸಿ ಮಾಡಿದ ಗುಪ್ತಪದ ಆ ಪರೀಕ್ಷೆಗೆ ಹೆಚ್ಚು ಹೊತ್ತು ನಿಲ್ಲದು. ಅಗ್ರೆಸಿವ್ ಮೋಡ್ ಅನ್ನು ಯಾವ ನೆಪದಿಂದಲೂ ಬಳಸಬಾರದು. ಐಕೆಇವಿ2ರಲ್ಲಿ ಈ ಭೇದವೇ ಇಲ್ಲ. 4 ಸಂದೇಶಗಳಲ್ಲಿ ಮಾತುಕತೆ ಮುಗಿಯುತ್ತದೆ, ವಿಳಾಸ ಬದಲಾದರೂ ಹೆಸರಿನಿಂದ ಗುರುತಿಸಬಹುದು. ಐಕೆಇವಿ1 ಬಳಕೆ ಬಿಡಬೇಕೆಂದು 2023ರ ಆರ್‌ಎಫ್‌ಸಿ 9395 ಅಧಿಕೃತವಾಗಿಯೇ ಹೇಳಿದೆ.

ಟನಲ್ ಹಾಕಿದ ಮೇಲೆ ಬರುವ ದೂರು ಹೆಚ್ಚಾಗಿ ಒಂದೇ ಬಗೆಯದು: ಪಿಂಗ್ ಬರುತ್ತದೆ, ಲಾಗಿನ್ ಪುಟ ತೆರೆಯುತ್ತದೆ, ಸ್ಕ್ಯಾನ್ ಮಾಡಿದ ಕಾಗದ ಕಳಿಸಹೊರಟರೆ ಅರ್ಧಕ್ಕೆ ನಿಲ್ಲುತ್ತದೆ. ಕಾರಣ ಪ್ಯಾಕೆಟ್‌ನ ಗಾತ್ರ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಪಿಪಿಪಿಒಇ ಬಳಸುವ ಫೈಬರ್ ಬ್ರಾಡ್‌ಬ್ಯಾಂಡ್ ಅದರಲ್ಲಿ 8 ಬೈಟ್ ತೆಗೆದುಕೊಂಡು 1492 ಉಳಿಸುತ್ತದೆ. ಟನಲ್ ಮೋಡ್‌ನ ಹೊಸ ಐಪಿ ಹೆಡರ್‌ಗೆ 20, ಯುಡಿಪಿಗೆ 8, ಇಎಸ್‌ಪಿ ಹೆಡರ್‌ಗೆ 8, ಎಇಎಸ್–ಜಿಸಿಎಂ ಎಂಬ ಗೂಢಲಿಪಿ ವಿಧಾನದ ಆರಂಭಿಕ ಸಂಖ್ಯೆಗೆ 8, ಕೊನೆಯ ತಾಳೆಗುರುತಿಗೆ 16, ಬಾಲಕ್ಕೆ ಕನಿಷ್ಠ 2 ಬೈಟ್ ಬೇಕು. ಇವೆಲ್ಲ ಕಳೆದರೆ ಒಳಗಿನ ಪ್ಯಾಕೆಟ್‌ಗೆ ಸಿಗುವುದು 1430 ಬೈಟ್. ಅದರಲ್ಲಿ ಐಪಿ ಮತ್ತು ಟಿಸಿಪಿ ಹೆಡರ್‌ಗಳ 40 ಕಳೆದು ಉಳಿಯುವ 1390ಕ್ಕಿಂತ ದೊಡ್ಡ ತುಂಡನ್ನು ಕಂಪ್ಯೂಟರ್ ಕಳಿಸಿದರೆ ಅದು ಹಿಡಿಸುವುದಿಲ್ಲ. ‘ತುಂಡು ಸಣ್ಣದು ಮಾಡು’ ಎಂಬ ಐಸಿಎಂಪಿ ಸಂದೇಶವನ್ನು ದಾರಿಯಲ್ಲಿ ಯಾರಾದರೂ ತಡೆದಿದ್ದರೆ ಕಳಿಸಿದವನಿಗೆ ವಿಷಯವೇ ತಿಳಿಯದು. ರೂಟರ್‌ನಲ್ಲಿ ತುಂಡಿನ ಗರಿಷ್ಠ ಗಾತ್ರವಾದ ಟಿಸಿಪಿ ಎಂಎಸ್‌ಎಸ್ ಅನ್ನು 1360ಕ್ಕೆ ಇಳಿಸಿದರೆ ಸ್ವಲ್ಪ ಬಿಡುವು ಸಮೇತ ಕೆಲಸ ಸಾಗುತ್ತದೆ.

ಟ್ರಾನ್ಸ್‌ಪೋರ್ಟ್ ಮೋಡ್‌ಗೂ ತನ್ನ ಜಾಗವಿದೆ. ಶಾಖೆಗಳು ಹೆಚ್ಚಾಗಿ, ಓಎಸ್‌ಪಿಎಫ್‌ನಂಥ ರೂಟಿಂಗ್ ವಿಧಾನ ಬೇಕಾದಾಗ ಎರಡು ರೂಟರ್‌ಗಳ ನಡುವೆ ಜಿಆರ್‌ಇ ಟನಲ್ ಹಾಕುವುದುಂಟು. ಹೊರವಿಳಾಸ ಹಚ್ಚುವ ಕೆಲಸವನ್ನು ಜಿಆರ್‌ಇ ಆಗಲೇ ಮುಗಿಸಿರುತ್ತದೆ. ಅದರ ಮೇಲೆ ಮತ್ತೆ ಟನಲ್ ಮೋಡ್ ಹಾಕಿದರೆ ಪ್ರತಿ ಪ್ಯಾಕೆಟ್‌ಗೆ 20 ಬೈಟ್ ಸುಮ್ಮನೆ ನಷ್ಟ, ಐಪಿವಿ6ರಲ್ಲಾದರೆ 40. ಎರಡೂ ತುದಿಗೆ ಸ್ವಂತ ಸಾರ್ವಜನಿಕ ವಿಳಾಸವಿದ್ದರೆ ಇಲ್ಲಿ ಟ್ರಾನ್ಸ್‌ಪೋರ್ಟ್ ಮೋಡ್ ಸರಿಯಾದದ್ದು. ಮನೆಯಿಂದ ಕೆಲಸ ಮಾಡುವವರ ಎಲ್2ಟಿಪಿ ಸಂಪರ್ಕವೂ ಇದನ್ನೇ ಬಳಸುತ್ತದೆ. ಹೊಸದಾಗಿ ಶುರುಮಾಡುವ ನಾಲ್ಕೈದು ಶಾಖೆಯ ಸಂಸ್ಥೆಗೆ ಜಿಆರ್‌ಇಯ ಗೊಡವೆ ಬೇಡ. ಲಿನಕ್ಸ್‌ನ ಎಕ್ಸ್‌ಎಫ್‌ಆರ್‌ಎಂ ಇಂಟರ್‌ಫೇಸ್ ಅಥವಾ ರೂಟರ್‌ಗಳ ವಿಟಿಐ ಅದೇ ಅನುಕೂಲವನ್ನು ಟನಲ್ ಮೋಡ್‌ನಲ್ಲೇ ಕೊಡುತ್ತವೆ.

ಐಪಿಸೆಕ್‌ನಲ್ಲಿ ಇಎಸ್‌ಪಿಯಲ್ಲದೆ ಇರುವ ಎಎಚ್ ಎಂಬ ಇನ್ನೊಂದು ಹೆಡರ್ ಗೂಢಲಿಪಿ ಕೊಡುವುದಿಲ್ಲ, ತಿದ್ದುಪಡಿ ಆಗಿಲ್ಲವೆಂಬ ಖಾತ್ರಿ ಮಾತ್ರ ಕೊಡುತ್ತದೆ. ಹೊರವಿಳಾಸವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ವಿಳಾಸ ಬದಲಿಸುವ ರೂಟರ್ ದಾಟಿ ಬರಲಾರದು. ಅದನ್ನು ಪರಿಗಣಿಸುವ ಅಗತ್ಯವಿಲ್ಲ. ವಿಧಾನಗಳ ವಿಷಯದಲ್ಲಿ 2017ರ ಆರ್‌ಎಫ್‌ಸಿ 8221 ಸ್ಪಷ್ಟವಾಗಿದೆ: ಎಇಎಸ್–ಜಿಸಿಎಂ ಇರಲೇಬೇಕು, ಡಿಇಎಸ್ ಮತ್ತು ಎಂಡಿ5 ಕೂಡದು, 3ಡಿಇಎಸ್ ಬೇಡ. ಕೀಲಿ ವಿನಿಮಯಕ್ಕೆ 1024 ಬಿಟ್‌ನ 2ನೇ ಗ್ರೂಪ್ ಬಿಟ್ಟು 14 ಅಥವಾ 19ನೇ ಗ್ರೂಪ್ ಆರಿಸಬೇಕು.

ಕರೆಂಟ್ ಹೋಗಿ ಬರುವ ಊರಿನಲ್ಲಿ ಇನ್ನೊಂದು ಸಂಗತಿ ಮುಖ್ಯ. ಬಂಕಾಪುರದ ರೂಟರ್ ಆರಿ ಹತ್ತಿದಾಗ ಅದು ಹಳೆಯ ಕೀಲಿಗಳನ್ನು ಮರೆತಿರುತ್ತದೆ, ಶಿಗ್ಗಾಂವಿಯ ರೂಟರ್ ಅವನ್ನೇ ಹಿಡಿದು ಕೂತಿರುತ್ತದೆ. ಎದುರಿನವರು ಇದ್ದಾರೆಯೇ ಎಂದು ಆಗಾಗ ವಿಚಾರಿಸುವ ಡಿಪಿಡಿ ವ್ಯವಸ್ಥೆಯನ್ನು ಎರಡೂ ಕಡೆ ಹಾಕಿ, ಶಾಖೆಯ ರೂಟರ್ ಹತ್ತಿದ ಕೂಡಲೇ ತಾನೇ ಕರೆಯುವಂತೆ ಮಾಡಿದರೆ ಗುಮಾಸ್ತರು ಯಾರಿಗೂ ಫೋನ್ ಮಾಡಬೇಕಾಗಿಲ್ಲ.

ಟನಲ್ ಒಳಗೆ ಬಂದದ್ದೆಲ್ಲ ಒಳ್ಳೆಯದೇ ಎಂದು ನಂಬುವುದು ದೊಡ್ಡ ಅಪಾಯ. ಶಾಖೆಯ ಒಂದು ಕಂಪ್ಯೂಟರ್‌ಗೆ ವೈರಸ್ ಬಂದರೆ ಅದೂ ಇದೇ ಭದ್ರ ದಾರಿಯಲ್ಲಿ ಸರ್ವರ್ ತಲುಪುತ್ತದೆ. ಶಾಖೆಯಿಂದ ಲೆಕ್ಕದ ಸರ್ವರ್‌ಗೆ ಬೇಕಾದ ಪೋರ್ಟ್‌ಗಳನ್ನಷ್ಟೇ ಬಿಟ್ಟು ಉಳಿದವನ್ನು ಮುಖ್ಯ ಕಚೇರಿಯ ಫೈರ್‌ವಾಲ್ ತಡೆಯಬೇಕು. ಲೀಸ್ಡ್ ಲೈನ್ ಇದ್ದವರೂ ಐಪಿಸೆಕ್ ಬೇಡವೆನ್ನಲಾಗದು: ಅಂಥ ಮಾರ್ಗ ಇತರರಿಂದ ಬೇರ್ಪಡಿಸಿದ್ದಾಗಿರುತ್ತದೆ, ಗೂಢಲಿಪಿಯಲ್ಲಿ ಮುಚ್ಚಿದ್ದಾಗಿರುವುದಿಲ್ಲ.

ಭಾರತದಲ್ಲಿ ವಿಪಿಎನ್ ನಡೆಸುವವರಿಗೆ ಸಿಇಆರ್‌ಟಿ–ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ಆದೇಶ ಅನ್ವಯಿಸುತ್ತದೆ. ಗ್ರಾಹಕರ ವಿವರಗಳನ್ನು 5 ವರ್ಷ ಇಡಬೇಕೆಂಬ ಅದರ ಷರತ್ತು ಸಂಸ್ಥೆಗಳು ತಮ್ಮ ಕಚೇರಿಗಳ ನಡುವೆ ಮಾಡಿಕೊಂಡ ವಿಪಿಎನ್‌ಗೆ ಇಲ್ಲವೆಂದು ಬಳಿಕ ಸ್ಪಷ್ಟಪಡಿಸಲಾಗಿದೆ. ಆದರೆ ಲಾಗ್‌ಗಳನ್ನು 180 ದಿನ ಉಳಿಸುವುದು, ಯಂತ್ರಗಳ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸುವುದು, ಪಟ್ಟಿಮಾಡಿದ ಬಗೆಯ ಸೈಬರ್ ದಾಳಿಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡುವುದು ಸಂಸ್ಥೆಗಳ ಹೊಣೆ. ಅಗ್ಗದ ರೂಟರ್‌ಗಳಲ್ಲಿ ಲಾಗ್ ಕೆಲವೇ ದಿನ ಉಳಿಯುತ್ತದೆ, ಯಂತ್ರ ಆರಿದರೆ ಅಳಿಸಿಹೋಗುತ್ತದೆ. ಅದನ್ನು ಮುಖ್ಯ ಕಚೇರಿಯ ಒಂದು ಕಂಪ್ಯೂಟರ್‌ಗೆ ಕಳಿಸಿ ಕೂಡಿಡುವ ಏರ್ಪಾಡನ್ನು ಟನಲ್ ಹಾಕುವ ದಿನವೇ ಮಾಡಿಕೊಳ್ಳಬೇಕು.