ಗಾಜಿನ ಕೆರೆಗೆ ಕಪ್ಪು ಕೋಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಒಳ್ಳೆಯ ಮಳೆಗಾಲದ ಸುದ್ದಿ ಎರಡೇ ಮಾತಿನಲ್ಲಿ ಮುಗಿಯುತ್ತದೆ: ‘ಕೋಡಿ ಬಿತ್ತು.’ ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟದಂಥ ದೊಡ್ಡ ಕೆರೆ ತುಂಬಿ ಹರಿದರೆ ಜನ ನೋಡಲು ಬರುತ್ತಾರೆ, ಬಾಗಿನ ಅರ್ಪಿಸುತ್ತಾರೆ. ನೋಡಲು ಚೆಂದವಾದರೂ ಕೋಡಿ ಇರುವುದು ಏರಿಯನ್ನು ಕಾಯಲಿಕ್ಕೆ. ಹೆಚ್ಚಾದ ನೀರು ಗೊತ್ತಾದ ಮಟ್ಟದಲ್ಲಿ, ಗೊತ್ತಾದ ಜಾಗದಲ್ಲಿ ಹೊರಬೀಳಬೇಕು. ಕೋಡಿಯ ಬಾಯಿಗೆ ಜೊಂಡು, ಕಸ ಕಟ್ಟಿಕೊಂಡರೆ ಏರಿಗೆ ಅಪಾಯ, ಏರಿಯ ಕೆಳಗಿನ ತೋಟಗಳಿಗೆ ಇನ್ನೂ ಹೆಚ್ಚಿನ ಅಪಾಯ.

ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಕಡಲನ್ನು ಸಾಕುವವರಿಗೂ ಇಂಥದೇ ಒಂದು ಕೋಡಿ ಬೇಕು. ಸಮುದ್ರದ ಮೀನು ಮತ್ತು ಹವಳಗಳ ತೊಟ್ಟಿಯ ಒಂದು ಮೂಲೆಯಲ್ಲಿ ಗಾಜಿನದೇ ಚಿಕ್ಕ ಗೂಡು ಇರುತ್ತದೆ. ಅದರ ಮೇಲಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳು. ಮೇಲ್ಪದರದ ನೀರು ಆ ಹಲ್ಲುಗಳ ನಡುವೆ ಗೂಡಿನೊಳಕ್ಕೆ ಬಿದ್ದು, ಕೊಳವೆಯ ಮೂಲಕ ಕೆಳಗಿನ ಇನ್ನೊಂದು ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಮೀನು ಈ ದಾರಿಯಲ್ಲಿ ಜಾರಿಹೋಗದಂತೆ ತಡೆಯುವುದು ಹಲ್ಲುಗಳ ಕೆಲಸ.

ಈ ಗೂಡಿನ ಗಾಜನ್ನು ಬಲ್ಲವರು ಕಪ್ಪಾಗಿಸುತ್ತಾರೆ. ಒಳಗಿನ ಕೊಳವೆಗಳು ಕಣ್ಣಿಗೆ ಬೀಳದಿರಲಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಪಾಚಿ.

ಬಿಸಿನೀರ ಕಡಲಿನ ಬಹುಪಾಲು ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ಬದುಕಿರುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ಆದ್ದರಿಂದಲೇ ಇಂಥ ತೊಟ್ಟಿಯ ಮೇಲೆ ಪ್ರಖರ ದೀಪ ಉರಿಯಬೇಕು. ಆದರೆ ಬೇಕಾದ ಪಾಚಿಯನ್ನು ಸಾಕುವ ಬೆಳಕು ಬೇಡದ ಪಾಚಿಯನ್ನೂ ಸಾಕುತ್ತದೆ. ಪಾರದರ್ಶಕ ಗೂಡಿನೊಳಕ್ಕೆ ದೀಪದ ಬೆಳಕು ಬಿದ್ದರೆ ಕೂದಲಿನಂಥ ಪಾಚಿ ಅಲ್ಲೇ ಹಬ್ಬಿ ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಮೇಯಲು ಹೋದ ಬಸವನಹುಳು ಕೊಳವೆಗೇ ಅಡ್ಡ ಕೂರುವುದುಂಟು. ಕೋಡಿ ಕಟ್ಟಿತು, ಪಂಪು ಮಾತ್ರ ನೀರೆತ್ತುತ್ತಲೇ ಇದೆ. ಬೆಳಗಾಗುವಷ್ಟರಲ್ಲಿ ಉಪ್ಪುನೀರು ನಡುಮನೆಯ ನೆಲದ ಮೇಲಿರುತ್ತದೆ.

ನೀರನ್ನು ಕತ್ತಲೆಯಲ್ಲಿಟ್ಟು ತಿಳಿಯಾಗಿಸುವ ಈ ಉಪಾಯಕ್ಕೆ 150 ವರ್ಷಗಳಿಗೂ ಮೀರಿದ ಇತಿಹಾಸವಿದೆ.

1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಹೊಸ ಕಡಲನೀರು ದಿನವೂ ಸಿಗುವಂತಿರಲಿಲ್ಲ. ಮನೆಯ ಕೆಲಸದಾಕೆ ಕಿಟಕಿಯ ಬಳಿ ನಿಂತು ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತ ಗಾಳಿ ಬೆರೆಸುತ್ತಿದ್ದಳು. ಚಹಾ ಆರಿಸುವ ಈ ವಿದ್ಯೆಯಿಂದಲೇ ಹವಳಗಳು ಬದುಕಿಕೊಂಡವು. ಇಂದಿನ ಪಂಪಿನ ಕೆಲಸವನ್ನು ಅಂದು ಮಾಡಿದ್ದು ಹೆಸರು ದಾಖಲಾಗದ ಆ ಹೆಂಗಸಿನ ತೋಳು.

1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ನೀರುಗಿಡ, ಬಸವನಹುಳು ಮೂರನ್ನೂ ಒಂದೇ ತೊಟ್ಟಿಯಲ್ಲಿ ಸಾಕಿ, ಅವು ಒಂದನ್ನೊಂದು ಪೋಷಿಸುವುದನ್ನು ತೋರಿಸಿದರು. ಸುತ್ತಲಿಂದಲೂ ಬೆಳಕು ಬಿದ್ದರೆ ಪಾಚಿ ಕೈಮೀರುತ್ತದೆಂದು ಅವರು ಬೇಗನೆ ಕಂಡುಕೊಂಡರು. ಕೆರೆಗೆ, ಕಡಲಿಗೆ ಬೆಳಕು ಬೀಳುವುದು ಮೇಲಿನಿಂದ ಮಾತ್ರ. ತೊಟ್ಟಿಗೂ ಹಾಗೆಯೇ ಬೀಳಬೇಕೆಂದು ಅದರ ಆಕಾರವನ್ನೇ ಬದಲಿಸಿದರು.

ಆದರೆ ಕಾಲ ಗಾಜಿನದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ‘ಮೀನುಮನೆ’ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಮೊದಲನೆಯದು. ಕಟ್ಟಡವೂ ಗಾಜು, ತೊಟ್ಟಿಯೂ ಗಾಜು. ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ಬಿಸಿಲು, ಸೆಕೆ ಮತ್ತು ಹಸಿರು ನೀರಿನ ಕಾಟವೂ ಜೊತೆಗೇ ಬಂತು.

ಪರಿಹಾರ ಹುಡುಕಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಇವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದವರು. ಜನ ನೋಡುವ ತೊಟ್ಟಿಗಳ ಕೆಳಗೆ, ಅವಕ್ಕಿಂತ ಹಲವು ಪಟ್ಟು ದೊಡ್ಡದಾದ ಕತ್ತಲ ಹಗೇವನ್ನು ಕಟ್ಟಿ, ನೀರು ಸದಾ ಎರಡರ ನಡುವೆ ತಿರುಗುವಂತೆ ಮಾಡುವುದು ಅವರ ಸೂತ್ರ. ತೇಲುವ ಪಾಚಿ ಬೆಳಕಿಲ್ಲದೆ ಸಾಯುತ್ತದೆ, ನೆಲದಡಿಯಲ್ಲಿ ನೀರು ತಂಪಾಗಿಯೂ ಇರುತ್ತದೆ. ಹ್ಯಾಂಬರ್ಗ್‌ನಲ್ಲಿ 1864ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ 1871ರಲ್ಲಿ ಈ ಬಗೆಯ ಅಕ್ವೇರಿಯಂಗಳು ತೆರೆದವು. ಅಮೆರಿಕದ ಮಾಸಿಕವೊಂದರಲ್ಲಿ ಜಾರ್ಜ್ ಸ್ಮಿಟ್ 1986ರಲ್ಲಿ ಬರೆದ ಲೇಖನಗಳು ಮನೆಯ ಹವಳದ ತೊಟ್ಟಿಯನ್ನು ಜನಪ್ರಿಯಗೊಳಿಸಿದಾಗ, ಮೂಲೆಯ ಗೂಡು ಮತ್ತು ಕೆಳತೊಟ್ಟಿಯ ಏರ್ಪಾಡು ಹವ್ಯಾಸಿಗಳ ಮನೆಗೂ ಬಂತು. ಗೂಡಿಗೆ ಹಚ್ಚುವ ಕಪ್ಪು ಲಾಯ್ಡ್‌ನ ಕತ್ತಲ ಹಗೇವಿನ ಕಿರಿಯ ಸಂತಾನ.

ಕಪ್ಪಾಗಿಸುವುದರಲ್ಲೂ ಜಾಣತನ ಬೇಕು. ಗೂಡಿನ ಗಾಜಿಗೆ ಎರಡೂ ಕಡೆ ನೀರು. ಸಾಮಾನ್ಯ ಬಣ್ಣ ಬಳಿದರೆ ಚಕ್ಕೆ ಎದ್ದು ನೀರಿಗೆ ಬೀಳುತ್ತದೆ, ಅದರಲ್ಲಿನ ರಾಸಾಯನಿಕ ಜೀವಿಗಳಿಗೆ ವಿಷವಾಗಬಹುದು. ಹೀಗಾಗಿ ತೊಟ್ಟಿ ಕಟ್ಟುವಾಗಲೇ ಕಪ್ಪು ಗಾಜು ಬಳಸುವುದು ಲೇಸು. ಆಮೇಲೆ ಮಾಡುವುದಾದರೆ ಕಪ್ಪು ಅಕ್ರಿಲಿಕ್ ಹಾಳೆಯನ್ನು ಶಿಲೀಂಧ್ರನಾಶಕ ಬೆರೆಸದ ಸಿಲಿಕೋನ್ ಅಂಟಿನಿಂದ ಕೂರಿಸಿ, ಅಂಟು ಪೂರ್ತಿ ಒಣಗಿದ ಮೇಲೆ ನೀರು ತುಂಬಬೇಕು. ಗೂಡಿನ ಬಾಯಿಗೂ ಮುಚ್ಚಳ ಬೇಕು. ಎಷ್ಟು ಕಪ್ಪಾಗಿಸಿದರೂ ಹಲ್ಲುಗಳ ಹೊರಮೈ ದೀಪದ ಬೆಳಕಿನಲ್ಲೇ ಇರುತ್ತದೆ. ಅದನ್ನು ಆಗಾಗ ಉಜ್ಜುವ ಕೆಲಸ ತಪ್ಪದು.

ಇಷ್ಟೆಲ್ಲ ದೂರದ ಕಥೆ ಎನಿಸಬಹುದು. ತಿಪಟೂರಿನಿಂದ ಮಂಗಳೂರಿನ ಕಡಲಿಗೆ ರಸ್ತೆಯಲ್ಲಿ 200 ಕಿ.ಮೀ.ಗೂ ಹೆಚ್ಚು. ಆದರೆ ಇಲ್ಲಿನ ತಾರಸಿಗಳ ಮೇಲೆ ಕೂತಿರುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಇದೇ ಪಾಠವನ್ನು ಹೇಳುತ್ತದೆ: ಬೆಳಕು ಹೋಗದ ನೀರಿನಲ್ಲಿ ಪಾಚಿ ಬೆಳೆಯದು. ಮುಚ್ಚಳ ಒಡೆದ ಟ್ಯಾಂಕಿನೊಳಗೆ ಬಗ್ಗಿ ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪಿಗೂ ಈ ಕಥೆಯಲ್ಲಿ ಪಾಲಿದೆ. ತೆಂಗಿನ ಚಿಪ್ಪಿನ ಇದ್ದಿಲಿನಿಂದ ತಯಾರಾಗುವ ಸಕ್ರಿಯ ಇಂಗಾಲವನ್ನು ಕೆಳತೊಟ್ಟಿಯಲ್ಲಿಟ್ಟರೆ ಅದು ನೀರಿನ ಹಳದಿ ಬಣ್ಣವನ್ನು ಹೀರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ. ಮುರುಡೇಶ್ವರದ ಆಚೆಗಿನ ನೇತ್ರಾಣಿಯ ಸುತ್ತಲ ನೀರಿನಲ್ಲಿ ಕರ್ನಾಟಕದ್ದೇ ಹವಳಗಳಿವೆ. ಅಲ್ಲಿಂದ ಒಂದು ತುಣುಕು ಮುರಿದು ತಂದರೂ ಅಪರಾಧ.

ತೊಟ್ಟಿ ಸಣ್ಣದಾದರೂ ಕೆರೆಯ ನಿಯಮ ಅದಕ್ಕೆ ತಪ್ಪಿದ್ದಲ್ಲ. ಬಂದ ನೀರಿಗೆ ಹೋಗುವ ದಾರಿ ಇರಬೇಕು, ಆ ದಾರಿ ಸದಾ ತೆರೆದಿರಬೇಕು. ಕೆರೆಯ ಕೋಡಿಯನ್ನು ಹಾರೆ, ಗುದ್ದಲಿ ಹಿಡಿದ ಊರ ಜನ ಕಾಯ್ದರು. ಗಾಜಿನ ಕೋಡಿಯನ್ನು ಒಂದು ಕಪ್ಪು ಹಾಳೆ ಕಾಯುತ್ತದೆ.